ಮೋಟಾರಿನ ನಡುಕ

ಮೋಟಾರು ಕಾರನ್ನು ಇಟ್ಟುಕೊಂಡವರಿಗೆ ಮಾತ್ರವಲ್ಲ, ಅದರಲ್ಲಿ ಆಗಾಗ ಕುಳಿತವರಿಗೂ ಪರಿಚಿತವಾದ ಒಂದು ಅನುಭವವುಂಟು. ಕಾರು ಸುಗಮವಾಗಿಯೇ ಸಾಗುತ್ತಿರುತ್ತದೆ. ವೇಗ ಕೊಂಚ ಏರಿದೊಡನೆ ಕಾಲ ಕೆಳಗಿನ ಹಲಗೆ ಗುಂಯ್‌ಗುಡುತ್ತದೆ. ಕನ್ನಡಿಯಲ್ಲಿ ಹಿಂದಿನ ರಸ್ತೆ ಮಸುಕಾಗಿ ಕಾಣುತ್ತದೆ. ಚುಕ್ಕಾಣಿ ಹಿಡಿದ ಬೆರಳುಗಳು ಜುಮ್ಮೆನ್ನುತ್ತವೆ. ಏನೋ ಕೆಟ್ಟಿದೆಯೆಂಬುದು ಎಲ್ಲರಿಗೂ ತಿಳಿಯುತ್ತದೆ. ಎಲ್ಲಿ ಕೆಟ್ಟಿದೆಯೆಂಬುದು ಮಾತ್ರ ಸುಲಭವಾಗಿ ತಿಳಿಯದು. ಈ ನಡುಕದ ಮೂಲವನ್ನು ಕಂಡುಹಿಡಿಯುವ ಬಗೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಶಾಸ್ತ್ರವನ್ನು ಮೊದಲು ಹೇಳಿ ಉದಾಹರಣೆಯನ್ನು ಕೊನೆಗೆ ಕೊಡುವುದು ಅಧ್ಯಾಪಕರ ಪದ್ಧತಿ. ಇಂದು ಆ ಕ್ರಮವನ್ನು ಬಿಟ್ಟು, ನಡೆದ ಒಂದು ಪ್ರಸಂಗದಿಂದಲೇ ಪ್ರಾರಂಭಿಸುತ್ತೇನೆ.

ನನ್ನ ಮಿತ್ರರೊಬ್ಬರು ಶಿರಸಿ ತಾಲ್ಲೂಕಿನ ದಾಸನಕೊಪ್ಪದವರು. ಅವರ ಸೋದರಮಾವಂದಿರಿಗೆ ಮೋಟಾರುಗಳಲ್ಲಿ ಬಹಳ ಅಭಿರುಚಿ. ಎರಡೇ ಆಸನಗಳುಳ್ಳ, ೧೯೬೦ರ ದಶಕದ ಒಂದು ಇಂಗ್ಲಿಷ್ ಕ್ರೀಡಾ ಕಾರನ್ನು ಅವರು ಎಲ್ಲಿಂದಲೋ ತಂದು, ಮಗುವಿನಂತೆ ಸಾಕಿ, ಕೊನೆಗೆ ಸೋದರಳಿಯನಿಗೆ ಬಿಟ್ಟುಹೋದರು. ನಮ್ಮ ದೇಶದಲ್ಲಿ ಇಂಥ ಕಾರುಗಳು ವಿರಳ. ೧೯೯೦ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಸಂಸ್ಥೆಯವರು ಗಾಜುನಾರಿನ ಮೈಯುಳ್ಳ, ರೆನೋ ಎಂಜಿನ್ನಿನ ‘ಸ್ಟಾರ್ಮ್’ ಎಂಬ ಎರಡಾಸನದ ಕಾರನ್ನು ಹೊರತಂದಿದ್ದರು. ಅದೂ ಸ್ವಲ್ಪ ಸಂಖ್ಯೆಯಲ್ಲಿ ಮಾತ್ರ ರಸ್ತೆಗಿಳಿಯಿತು. ಹೀಗಿರುವಾಗ ಮಲೆನಾಡಿನ ಅಂಚಿನ ಒಂದು ಹಳ್ಳಿಯ ಕೊಟ್ಟಿಗೆಯಲ್ಲಿ ಅರುವತ್ತು ವರ್ಷದ ಕ್ರೀಡಾ ಕಾರೊಂದು ನಡೆಯುವ ಸ್ಥಿತಿಯಲ್ಲಿರುವುದು ಸಣ್ಣ ವಿಷಯವೇನಲ್ಲ.

ಆ ಕಾರು ನಡುಗತೊಡಗಿತು. ಮಿತ್ರರು ಅದನ್ನು ದೂರದ ನಗರವೊಂದರ ಕಾರ್ಖಾನೆಗೆ ಕಳುಹಿಸಿದರು. ಅಲ್ಲಿ ಗಾಲಿಗಳನ್ನು ತೂಗಿ ಸರಿಪಡಿಸಿದರು, ನಡುಕ ಹೋಗಲಿಲ್ಲ. ಟೈರುಗಳನ್ನು ಹೊಸದಾಗಿ ಹಾಕಿದರು, ಹೋಗಲಿಲ್ಲ. ಹಿಂದಿನ ಗಾಲಿಗಳಿಗೆ ಶಕ್ತಿಯನ್ನು ಒಯ್ಯುವ ದಂಡದ ಸಂದುಗಳನ್ನು ಬದಲಾಯಿಸಿದರು, ಆಗಲೂ ಹೋಗಲಿಲ್ಲ. ಕೊನೆಗೆ, ಎಂಜಿನನ್ನು ಪೂರ್ತಿಯಾಗಿ ಬಿಚ್ಚಿ ಒಳಗಿನ ಭಾಗಗಳನ್ನೆಲ್ಲ ಹೊಸದಾಗಿ ಮಾಡಿಸಬೇಕೆಂದು ತೀರ್ಪಾಯಿತು. ಅದಕ್ಕೆ ತಗಲುವ ವೆಚ್ಚವೆಂದರೆ, ಮಿತ್ರರು ತೋಟಕ್ಕೆ ನೀರಿನ ವ್ಯವಸ್ಥೆ ಮಾಡಿಸಲೆಂದು ಕೂಡಿಟ್ಟ ಹಣವಷ್ಟೂ. ತೋಟವನ್ನು ಒಣಗಿಸಿ ಕಾರನ್ನು ಉಳಿಸುವುದು ವಿವೇಕವಲ್ಲ. ಕಾರನ್ನು ಗುಜರಿಯವನಿಗೆ ಒಪ್ಪಿಸಲು ಮನಸ್ಸು ಒಪ್ಪದು. ಈ ಸಂಕಟದಲ್ಲಿದ್ದಾಗ ನಾನು ರಜೆಗೆಂದು ಅವರಲ್ಲಿಗೆ ಹೋದೆ. “ನೀವು ಭೌತಶಾಸ್ತ್ರ ಹೇಳುವವರಲ್ಲವೆ? ಕಂಪನದ ಮೇಲೆ ವರ್ಷವೆಲ್ಲ ಪಾಠ ಮಾಡುತ್ತೀರಿ. ಇದೊಂದು ಕಂಪನದ ಅರ್ಥ ಹೇಳಿ ನೋಡೋಣ” ಎಂದರು. ಮಾತು ಹಾಸ್ಯದ್ದಾದರೂ ಸವಾಲು ನಿಜವಾದದ್ದೇ ಆಗಿತ್ತು.

ಇಂಥಲ್ಲಿ ಕೇಳಬೇಕಾದ ಮೊದಲನೆಯ ಪ್ರಶ್ನೆ ಇದು: ನಡುಕವು ರಸ್ತೆಯ ವೇಗವನ್ನು ಅನುಸರಿಸುತ್ತದೆಯೋ, ಎಂಜಿನ್ನಿನ ವೇಗವನ್ನು ಅನುಸರಿಸುತ್ತದೆಯೋ? ಕಾರಿನಲ್ಲಿ ತಿರುಗುವ ವಸ್ತುಗಳು ಎರಡು ಬಳಗಕ್ಕೆ ಸೇರಿದವು. ಗಾಲಿ, ಅಚ್ಚು, ಹಿಂದಕ್ಕೆ ಹೋಗುವ ದಂಡ ಇವು ಕಾರು ಓಡಿದಂತೆ ತಿರುಗುತ್ತವೆ. ಕ್ರ್ಯಾಂಕ್ ದಂಡ, ಅದರ ಬೆನ್ನಿಗಿರುವ ಫ್ಲೈವೀಲ್ ಎಂಬ ಭಾರವಾದ ಚಕ್ರ, ಮುಂದಿನ ರಾಟೆ, ಬೀಸಣಿಗೆ ಇವು ಎಂಜಿನು ಓಡಿದಂತೆ ತಿರುಗುತ್ತವೆ. ಎರಡು ಬಳಗಗಳ ನಡುವೆ ಗೇರುಪೆಟ್ಟಿಗೆ ಕುಳಿತಿದೆ. ಆದುದರಿಂದ ಗೇರನ್ನು ಬದಲಾಯಿಸಿದಾಗ ಅವುಗಳ ಪರಸ್ಪರ ಪ್ರಮಾಣವೂ ಬದಲಾಗುತ್ತದೆ. ಪರೀಕ್ಷೆಗೆ ಬೇಕಾದ ಉಪಕರಣ ಇಷ್ಟೇ.

ದಾಸನಕೊಪ್ಪದಿಂದ ಹೊರಟು, ಜನಸಂಚಾರವಿಲ್ಲದ ನೇರವಾದ ರಸ್ತೆಯಲ್ಲಿ ನಾವು ಇದನ್ನು ಮಾಡಿ ನೋಡಿದೆವು. ಎಂಜಿನು ನಿಮಿಷಕ್ಕೆ ೩೦೦೦ ಸುತ್ತು ತಿರುಗುವಂತೆ ಇಟ್ಟುಕೊಂಡು, ಒಂದೊಂದು ಗೇರಿನಲ್ಲಿಯೂ ಓಡಿಸಿದೆವು. ಎರಡನೆಯ ಗೇರಿನಲ್ಲಿ ಆಗ ಕಾರಿನ ವೇಗ ಗಂಟೆಗೆ ಸುಮಾರು ೩೭ ಕಿಲೋಮೀಟರು, ಮೂರನೆಯದರಲ್ಲಿ ೬೦, ನಾಲ್ಕನೆಯದರಲ್ಲಿ ೮೦ಕ್ಕೆ ಮೇಲೆ. ಮೂರರಲ್ಲಿಯೂ ನಡುಕ ಒಂದೇ ಬಗೆಯದು. ಕೊನೆಗೆ ಕಾರನ್ನು ಮರದ ನೆರಳಿನಲ್ಲಿ ನಿಲ್ಲಿಸಿ, ಗೇರನ್ನು ತಪ್ಪಿಸಿ, ಎಂಜಿನ್ನೊಂದನ್ನೇ ಅದೇ ವೇಗಕ್ಕೆ ಏರಿಸಿದೆವು. ಆಗಲೂ ಅದೇ ನಡುಕ. ಗಾಲಿ ತಿರುಗುತ್ತಲೇ ಇಲ್ಲ. ದಂಡ ತಿರುಗುತ್ತಲೇ ಇಲ್ಲ. ಹಾಗಾದರೆ ಗಾಲಿ, ಟೈರು, ದಂಡ ಇವುಗಳ ಮೇಲೆ ಮಾಡಿದ ಖರ್ಚೆಲ್ಲ ನಿರಪರಾಧಿಗಳಿಗೆ ವಿಧಿಸಿದ ದಂಡವೆಂದಾಯಿತು. ಹತ್ತು ನಿಮಿಷದ ಈ ಪರೀಕ್ಷೆಯನ್ನು ಮೊದಲೇ ಮಾಡಿದ್ದಿದ್ದರೆ ಆ ಹಣ ಉಳಿಯುತ್ತಿತ್ತು.

ಅಪರಾಧಿ ಎಂಜಿನ್ನಿನ ಬಳಗದಲ್ಲಿಯೇ ಇದ್ದಾನೆಂದು ಗೊತ್ತಾಯಿತು. ಆದರೆ ಎಂಜಿನು ಎಂಬುದು ಸ್ವಭಾವದಿಂದಲೇ ಸ್ವಲ್ಪ ನಡುಗುವ ಯಂತ್ರ. ಆರೋಗ್ಯದ ನಡುಕ ಯಾವುದು, ರೋಗದ ನಡುಕ ಯಾವುದು ಎಂಬುದನ್ನು ಮೊದಲು ತಿಳಿಯಬೇಕು. ೧೯೬೧ರಿಂದ ೧೯೯೬ರವರೆಗೆ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾ ಮತ್ತು ಯೆಜ್ದಿ ಮೋಟಾರು ಸೈಕಲುಗಳನ್ನು ನಮ್ಮಲ್ಲಿ ಅನೇಕರು ಬಲ್ಲರು. ಅವುಗಳಲ್ಲಿ ಹೆಚ್ಚಿನವಕ್ಕೆ ಒಂದೇ ಸಿಲಿಂಡರು. ಪಿಸ್ಟನ್ನು ಎಂಬ ಕೊಂತವು ಮೇಲಕ್ಕೆ ಚಿಮ್ಮಿದಾಗ ಅದಕ್ಕೆ ಎದುರಾಗಿ ಕೆಳಕ್ಕೆ ಚಿಮ್ಮುವ ಜೊತೆಗಾರ ಇಲ್ಲ. ಕ್ರ್ಯಾಂಕಿಗೆ ಎದುರುಭಾರವನ್ನು ಜೋಡಿಸಿ ಈ ಒದೆತವನ್ನು ಭಾಗಶಃ ತಗ್ಗಿಸಬಹುದೇ ಹೊರತು ಪೂರ್ತಿಯಾಗಿ ಅಳಿಸಲಾಗದು. ಹಿಡಿಕೆಯಲ್ಲಿ ಅಂಗೈಗೆ ತಾಗುತ್ತಿದ್ದ ಆ ಜುಮ್ಮು ದೋಷವಲ್ಲ, ಅದು ಆ ಜಾತಿಯ ಎಂಜಿನ್ನಿನ ಸ್ವಭಾವ.

ನಾಲ್ಕು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದಾಗ ಎರಡು ಕೊಂತಗಳು ಮೇಲಕ್ಕೆ ಹೋದರೆ ಎರಡು ಕೆಳಕ್ಕೆ ಬರುತ್ತವೆ. ಆಗ ಮುಖ್ಯವಾದ ಒದೆತಗಳು ಒಂದನ್ನೊಂದು ತಿಂದುಹಾಕುತ್ತವೆ. ಆದರೂ ಒಂದು ಶೇಷ ಉಳಿಯುತ್ತದೆ. ಕೊಂತವನ್ನು ಕ್ರ್ಯಾಂಕಿಗೆ ಸೇರಿಸುವ ಕೋಲು ತಿರುಗುವಾಗ ಅತ್ತಿತ್ತ ವಾಲುವುದರಿಂದ, ಕೊಂತವು ತನ್ನ ಮಾರ್ಗದ ಮೇಲಿನ ಅರ್ಧವನ್ನು ಕೆಳಗಿನ ಅರ್ಧಕ್ಕಿಂತ ಬೇಗನೆ ಕ್ರಮಿಸುತ್ತದೆ. ಆದಕಾರಣ ಮೇಲಿನ ಜೋಡಿಯ ಒದೆತವೂ ಕೆಳಗಿನ ಜೋಡಿಯ ಒದೆತವೂ ಸರಿಸಮವಾಗುವುದಿಲ್ಲ. ಈ ಉಳಿಕೆ ಒಂದು ಸುತ್ತಿಗೆ ಎರಡು ಬಾರಿ ಬರುತ್ತದೆ. ಇದನ್ನು ಅಡಗಿಸಲು ಇಂಗ್ಲೆಂಡಿನ ಲ್ಯಾಂಚೆಸ್ಟರ್ ಎಂಬ ಯಂತ್ರಶಾಸ್ತ್ರಜ್ಞನು ೧೯೧೦ರ ಸುಮಾರಿಗೆ ಒಂದು ಉಪಾಯವನ್ನು ಕಂಡುಹಿಡಿದನು. ಎಂಜಿನ್ನಿನ ಇಮ್ಮಡಿ ವೇಗದಲ್ಲಿ ಪರಸ್ಪರ ವಿರುದ್ಧವಾಗಿ ತಿರುಗುವ, ಒಂದು ಪಕ್ಕ ಭಾರವಾದ ಎರಡು ದಂಡಗಳನ್ನು ಸೇರಿಸಿದರೆ, ಈ ಶೇಷವೂ ಕಳೆದುಹೋಗುತ್ತದೆ. ಬಹುಕಾಲ ಅಷ್ಟಾಗಿ ಬಳಕೆಗೆ ಬಾರದ ಈ ಉಪಾಯವನ್ನು ೧೯೭೦ರ ದಶಕದಲ್ಲಿ ಜಪಾನಿನ ಮಿತ್ಸುಬಿಷಿಯವರು ಪುನಃ ಕೈಗೆತ್ತಿಕೊಂಡರು. ಅವರಿಂದ ಅನುಮತಿ ಪಡೆದು ಜರ್ಮನಿಯ ಪೋರ್ಷೆಯವರು ತಮ್ಮ ೯೪೪ ಎಂಬ ಕ್ರೀಡಾ ಕಾರಿನಲ್ಲಿ ಅಳವಡಿಸಿದರು. ಮಿತ್ರರ ಕಾರಿನಲ್ಲಿ ಇಂಥ ಸೌಕರ್ಯವಿಲ್ಲ. ಆದುದರಿಂದ ಸ್ವಲ್ಪ ಜುಮ್ಮು ಅದಕ್ಕೆ ಸಹಜವೇ.

ಹಾಗಾದರೆ ರೋಗವನ್ನು ಬೇರ್ಪಡಿಸುವುದು ಹೇಗೆ? ಒಂದು ಸುತ್ತಿಗೆ ಎಷ್ಟು ನಡುಕ ಎಂಬುದನ್ನು ಎಣಿಸುವುದರಿಂದ. ನಿಮಿಷಕ್ಕೆ ೩೦೦೦ ಸುತ್ತೆಂದರೆ ಸೆಕೆಂಡಿಗೆ ೫೦ ಸುತ್ತು. ಸೆಕೆಂಡಿಗೆ ೧೦೦ ನಡುಕವಾದರೆ ಸುತ್ತಿಗೆ ಎರಡು. ಅದು ಈಗ ಹೇಳಿದ ಸಹಜವಾದ ಶೇಷ, ಇಲ್ಲವೆ ಸುತ್ತಿಗೆ ಎರಡು ಸಿಲಿಂಡರು ಹೊತ್ತಿಕೊಳ್ಳುವುದರ ಬಡಿತ. ಸೆಕೆಂಡಿಗೆ ೫೦ ಆದರೆ ಸುತ್ತಿಗೆ ಒಂದು. ತಿರುಗುವ ಯಾವುದೋ ಭಾಗ ಒಂದು ಪಕ್ಕಕ್ಕೆ ಭಾರವಾಗಿದೆ. ಸೆಕೆಂಡಿಗೆ ೨೫ ಆದರೆ ಎರಡು ಸುತ್ತಿಗೆ ಒಂದು. ನಾಲ್ಕು ಸಿಲಿಂಡರುಗಳಲ್ಲಿ ಒಂದು ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ, ಏಕೆಂದರೆ ಪ್ರತಿಯೊಂದು ಸಿಲಿಂಡರಿಗೂ ಸರದಿ ಬರುವುದು ಎರಡು ಸುತ್ತಿಗೆ ಒಮ್ಮೆ. ಸಂಗೀತ ಬಲ್ಲ ಶ್ರೋತೃಗಳು ಈ ಸಂಖ್ಯೆಗಳನ್ನು ಗಮನಿಸಬೇಕು. ೨೫, ೫೦, ೧೦೦: ಒಂದಕ್ಕಿಂತ ಒಂದು ಸರಿಯಾಗಿ ಒಂದು ಸ್ಥಾಯಿ ಮೇಲೆ. ಒಂದೇ ಸ್ವರದ ಮೂರು ಸ್ಥಾಯಿಗಳಲ್ಲಿ ಮೂರು ಬೇರೆ ಬೇರೆ ರೋಗಲಕ್ಷಣಗಳು ಅಡಗಿವೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದು. ಬೀದಿಯ ಟ್ರಾನ್ಸ್‌ಫಾರ್ಮರಿನ ಗುಂಯ್‌ಕಾರ ಅದರ ಇಮ್ಮಡಿ, ಎಂದರೆ ೧೦೦. ಆ ಸದ್ದನ್ನು ನೆನಪಿನಲ್ಲಿಟ್ಟುಕೊಂಡವನಿಗೆ ೩೦೦೦ ಸುತ್ತಿನಲ್ಲಿರುವ ಎಂಜಿನ್ನಿನ ಸ್ಥಾಯಿಯನ್ನು ಗುರುತಿಸುವುದು ಕಷ್ಟವಲ್ಲ.

ಈಗಿನ ಕಾಲದಲ್ಲಿ ಕಿವಿಯನ್ನೇ ನಂಬಬೇಕಾಗಿಯೂ ಇಲ್ಲ. ಜೇಬಿನಲ್ಲಿರುವ ಮೊಬೈಲು ದೂರವಾಣಿಯೇ ಅಲುಗಾಟವನ್ನು ಅಳೆದು ತೋರಿಸಬಲ್ಲದು. ಎಂಜಿನನ್ನು ೨೪೦೦ ಸುತ್ತಿಗೆ ನಿಲ್ಲಿಸಿ, ದೂರವಾಣಿಯನ್ನು ಕಾರಿನ ನೆಲಕ್ಕೆ ಭದ್ರವಾಗಿ ಅಂಟಿಸಿದೆವು. ಅದು ಸೆಕೆಂಡಿಗೆ ೪೦ರ ಬಳಿ ಎತ್ತರವಾದ ಶಿಖರವೊಂದನ್ನು ತೋರಿಸಿತು. ಎಂದರೆ ಸುತ್ತಿಗೆ ಒಂದೇ ನಡುಕ. ಆದುದರಿಂದ ಹೊತ್ತಿಕೊಳ್ಳುವುದರಲ್ಲಿ ತಪ್ಪಿಲ್ಲ. ಸಹಜವಾದ ಶೇಷವೂ ಇದಲ್ಲ. ಏನೋ ಒಂದು ಪಕ್ಕಕ್ಕೆ ಭಾರವಾಗಿ ತಿರುಗುತ್ತಿದೆ.

ಆದರೂ ಇನ್ನೊಂದು ಶಂಕೆಯನ್ನು ಪರಿಹರಿಸಿಕೊಳ್ಳಬೇಕಾಗಿತ್ತು. ಹಳ್ಳಿಯ ಅಕ್ಕಿ ಗಿರಣಿಯ ಎಂಜಿನು ನಿಲ್ಲುವುದನ್ನು ನೀವು ನೋಡಿರಬಹುದು. ಓಡುವಾಗ ಸುಮ್ಮನಿದ್ದ ತಗಡಿನ ಮಾಡು, ವೇಗ ಇಳಿಯುತ್ತಿರುವಾಗ ಒಂದು ಕ್ಷಣ ಗಡಗಡನೆ ಅಲ್ಲಾಡಿ ಮತ್ತೆ ಸುಮ್ಮನಾಗುತ್ತದೆ. ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಕಂಪನದ ಸಂಖ್ಯೆಯುಂಟು. ಎಂಜಿನ್ನಿನ ವೇಗ ಅದಕ್ಕೆ ಸರಿಹೊಂದಿದ ಕ್ಷಣದಲ್ಲಿ ಅದು ಕುಣಿಯತೊಡಗುತ್ತದೆ. ಇದನ್ನು ಅನುರಣನವೆನ್ನುತ್ತಾರೆ. ಎಂಜಿನನ್ನು ಹೊತ್ತಿರುವ ರಬ್ಬರಿನ ದಿಂಬುಗಳು ಗಟ್ಟಿಯಾಗಿದ್ದರೂ, ಹರಿದಿದ್ದರೂ, ಹೊಗೆಕೊಳವೆ ಕಾರಿನ ಮೈಗೆ ತಾಗುತ್ತಿದ್ದರೂ ಹೀಗಾಗುತ್ತದೆ. ಅಮೆರಿಕದ ಕ್ರೈಸ್ಲರ್ ಸಂಸ್ಥೆಯವರು ೧೯೩೧ರಲ್ಲಿ ತಮ್ಮ ಪ್ಲಿಮತ್ ಕಾರಿನ ಎಂಜಿನನ್ನು ವಿಚಾರಪೂರ್ವಕವಾಗಿ ಇಂಥ ರಬ್ಬರಿನ ಮೇಲೆ ಕೂರಿಸಿ ಬಹಳ ಹೆಸರು ಗಳಿಸಿದರು. ಆ ರಬ್ಬರು ಮುಪ್ಪಾದಾಗ ಒಳ್ಳೆಯ ಎಂಜಿನ್ನೂ ಕೆಟ್ಟ ಹೆಸರು ಪಡೆಯುತ್ತದೆ.

ಅನುರಣನಕ್ಕೂ ಏಕಪಕ್ಕದ ಭಾರಕ್ಕೂ ಇರುವ ವ್ಯತ್ಯಾಸ ಸ್ಪಷ್ಟವಾದದ್ದು. ಅನುರಣನವು ಒಂದು ವೇಗದಲ್ಲಿ ಏರಿ, ಆ ವೇಗ ದಾಟಿದ ಮೇಲೆ ಇಳಿಯುತ್ತದೆ. ಏಕಪಕ್ಕದ ಭಾರವು ವೇಗ ಏರಿದಂತೆಲ್ಲ ಏರುತ್ತಲೇ ಹೋಗುತ್ತದೆ. ಅದೂ ವೇಗದ ವರ್ಗದ ಪ್ರಮಾಣದಲ್ಲಿ. ಕೇಂದ್ರದಿಂದ ೧೦ ಸೆಂಟಿಮೀಟರು ದೂರದಲ್ಲಿ ಕೇವಲ ೨೦ ಗ್ರಾಮು ಹೆಚ್ಚು ಭಾರವಿದೆಯೆಂದು ಇಟ್ಟುಕೊಳ್ಳಿ. ನಿಮಿಷಕ್ಕೆ ೧೫೦೦ ಸುತ್ತಿನಲ್ಲಿ ಅದು ಸುಮಾರು ೫ ಕಿಲೋಗ್ರಾಮಿನ ತೂಕದಷ್ಟು ಬಲದಿಂದ ಎಂಜಿನನ್ನು ಎಳೆಯುತ್ತದೆ, ೩೦೦೦ದಲ್ಲಿ ೨೦, ೬೦೦೦ದಲ್ಲಿ ೮೦. ೨೦ ಗ್ರಾಮಿನ ಚೂರು ಎಂಬತ್ತು ಕಿಲೋಗ್ರಾಮಿನ ಮನುಷ್ಯನಂತೆ, ಸೆಕೆಂಡಿಗೆ ನೂರು ಬಾರಿ ದಿಕ್ಕು ದಿಕ್ಕಿಗೆ ಜಗ್ಗುತ್ತದೆ. ಮಿತ್ರರ ಕಾರಿನಲ್ಲಿ ನಡುಕ ೨೦೦೦ದಲ್ಲಿ ತಿಳಿಯುವಂತಿತ್ತು, ೩೦೦೦ದಲ್ಲಿ ಹಿಂಸೆಯಾಗುತ್ತಿತ್ತು, ೪೦೦೦ದಲ್ಲಿ ಸಹಿಸುವಂತಿರಲಿಲ್ಲ. ಎಲ್ಲಿಯೂ ಇಳಿಯಲಿಲ್ಲ. ರಬ್ಬರಿನ ದಿಂಬುಗಳನ್ನು ಸನ್ನೆಕೋಲಿನಿಂದ ಎತ್ತಿ ನೋಡಿದೆವು, ಹರಿದಿರಲಿಲ್ಲ. ಹೊಗೆಕೊಳವೆ ಎಲ್ಲಿಯೂ ಮೈಗೆ ತಾಗಿರಲಿಲ್ಲ.

ಇನ್ನು ಉಳಿದದ್ದು ಬಿಟ್ಟುನೋಡುವ ವಿಧಾನ. ಮುಂದಿನ ಪಟ್ಟಿಯನ್ನು ಕಳಚಿ, ಬೀಸಣಿಗೆಯೂ ಡೈನಮೋವೂ ತಿರುಗದಂತೆ ಮಾಡಿ ಎಂಜಿನನ್ನು ಅರ್ಧ ನಿಮಿಷ ಓಡಿಸಿದೆವು. ನೀರಿನ ಪಂಪೂ ಆಗ ನಿಂತಿರುವುದರಿಂದ ಅದಕ್ಕಿಂತ ಹೆಚ್ಚು ಹೊತ್ತು ಓಡಿಸುವುದು ಅಪಾಯ. ನಡುಕ ಹಾಗೆಯೇ ಇತ್ತು. ಆದುದರಿಂದ ಬೀಸಣಿಗೆ, ಡೈನಮೋ, ಪಂಪು ಈ ಮೂರೂ ನಿರ್ದೋಷಿಗಳು. ತರುವಾಯ ಗೇರು ತಪ್ಪಿಸಿದ್ದಂತೆಯೇ ಕ್ಲಚ್ಚನ್ನು ಒತ್ತಿಹಿಡಿದು ನೋಡಿದೆವು. ಹಾಗೆ ಒತ್ತಿದಾಗ ಕ್ಲಚ್ಚಿನ ನಡುವಿನ ತಟ್ಟೆಯೂ ಗೇರುಪೆಟ್ಟಿಗೆಯ ಮೊದಲ ದಂಡವೂ ಎಂಜಿನ್ನಿನಿಂದ ಬೇರ್ಪಟ್ಟು ನಿಲ್ಲುತ್ತವೆ. ನಡುಕ ಆಗಲೂ ಇತ್ತು. ಇಡೀ ಕಾರಿನಲ್ಲಿ ಇನ್ನು ಅನುಮಾನಕ್ಕೆ ಉಳಿದದ್ದು ನಾಲ್ಕೇ ಭಾಗಗಳು: ಮುಂದಿನ ರಾಟೆ, ಕ್ರ್ಯಾಂಕ್ ದಂಡ, ಫ್ಲೈವೀಲು, ಮತ್ತು ಅದಕ್ಕೆ ಬಿಗಿದಿರುವ ಕ್ಲಚ್ಚಿನ ಕವಚ.

ನನ್ನ ಶಾಸ್ತ್ರ ಇಲ್ಲಿಗೆ ಬಂದು ನಿಂತಿತು. ಮುಂದಿನ ಹೆಜ್ಜೆಯನ್ನಿಟ್ಟವನು ನಾನಲ್ಲ. ಶಿರಸಿಯಲ್ಲಿ ವಯಸ್ಸಾದ ಒಬ್ಬ ಯಂತ್ರದ ಕೆಲಸಗಾರನಿದ್ದನು. ನಾವು ಕಂಡುಕೊಂಡದ್ದನ್ನೆಲ್ಲ ಅವನಿಗೆ ಹೇಳಿದೆವು. ಸಾವಧಾನವಾಗಿ ಕೇಳಿ, ಅವನು ಒಂದೇ ಪ್ರಶ್ನೆ ಹಾಕಿದನು: “ಇದು ಶುರುವಾದದ್ದು ಯಾವಾಗ?”

ಮಿತ್ರರು ಯೋಚಿಸಿದರು. ಹಿಂದಿನ ಮಳೆಗಾಲದ ಮುನ್ನ ಕ್ಲಚ್ಚು ಜಾರುತ್ತಿದೆಯೆಂದು ಅದರ ತಟ್ಟೆಯನ್ನು ಬದಲಾಯಿಸಿದ್ದರು. ನಡುಕದ ನೆನಪು ಅದಕ್ಕಿಂತ ಹಿಂದೆ ಇರಲಿಲ್ಲ. “ಕವಚ ಹಳೆಯದೇ ಹಾಕಿದರೋ?” ಎಂದು ಅವನು ಕೇಳಿದನು. ಹೌದು, ಹಳೆಯದೇ. ಅವನು ತಲೆಯಾಡಿಸಿ ಸುಮ್ಮನಾದನು.

ವಿಷಯವಿಷ್ಟೆ. ಕೆಲವು ಹಳೆಯ ಕಾರುಗಳಲ್ಲಿ ಫ್ಲೈವೀಲನ್ನೂ ಕ್ಲಚ್ಚಿನ ಕವಚವನ್ನೂ ಒಟ್ಟಿಗೆ ಬಿಗಿದು ತೂಗಿ ಸರಿಪಡಿಸುತ್ತಿದ್ದರು. ಒಂದರಲ್ಲಿ ಈ ಪಕ್ಕ ಸ್ವಲ್ಪ ಭಾರವಿದ್ದರೆ ಮತ್ತೊಂದರಲ್ಲಿ ಆ ಪಕ್ಕ ಅಷ್ಟೇ ಭಾರವಿರುತ್ತದೆ. ಎರಡೂ ಸೇರಿದಾಗ ಸಮ. ಹೇಗೆ ಸೇರಿಸಬೇಕೆಂಬುದಕ್ಕೆ ಎರಡರ ಮೇಲೂ ಒಂದೊಂದು ಚುಕ್ಕೆ ಹೊಡೆದಿರುತ್ತಾರೆ. ಬಿಚ್ಚಿದವನು ಆ ಚುಕ್ಕೆಗಳನ್ನು ಎದುರುಬದುರಾಗಿಟ್ಟು ಪುನಃ ಬಿಗಿಯಬೇಕು. ಎಂಜಿನನ್ನು ಹೊರತೆಗೆದು ನೋಡಿದಾಗ ಫ್ಲೈವೀಲಿನ ಚುಕ್ಕೆ ಒಂದು ಕಡೆ, ಕವಚದ ಚುಕ್ಕೆ ವೃತ್ತದ ಮೂರನೆಯ ಒಂದು ಪಾಲು ಆಚೆ! ಒಂದನ್ನೊಂದು ಅಳಿಸಬೇಕಾಗಿದ್ದ ಎರಡು ಭಾರಗಳು ಹೀಗೆ ಕುಳಿತಾಗ ಕೂಡಿಕೊಂಡು, ಒಂದರ ಸುಮಾರು ಒಂದೂಮುಕ್ಕಾಲರಷ್ಟು ದೋಷವಾಗಿ ಪರಿಣಮಿಸುತ್ತವೆ. ಆರು ತಿರುಪುಗಳನ್ನು ಬಿಚ್ಚಿ, ಕವಚವನ್ನು ತಿರುಗಿಸಿ, ಚುಕ್ಕೆಗೆ ಚುಕ್ಕೆ ಕೂಡಿಸಿ ಬಿಗಿದನು. ಒಂದು ಹೊಸ ಭಾಗವನ್ನೂ ಕೊಳ್ಳಬೇಕಾಗಲಿಲ್ಲ. ಎರಡು ದಿನದ ಕೂಲಿಯಲ್ಲಿ ಕೆಲಸ ಮುಗಿಯಿತು. ಎಂಜಿನನ್ನು ೪೦೦೦ ಸುತ್ತಿಗೆ ಏರಿಸಿದಾಗ ಕನ್ನಡಿಯಲ್ಲಿ ಹಿಂದಿನ ಗೋಡೆ ನಿಶ್ಚಲವಾಗಿ ಕಂಡಿತು. ಸಣ್ಣದೊಂದು ಜುಮ್ಮು ಮಾತ್ರ ಉಳಿದಿತ್ತು. ಅದು ಸುತ್ತಿಗೆ ಎರಡರ ಜುಮ್ಮು. ನಾಲ್ಕು ಸಿಲಿಂಡರಿನ ಹುಟ್ಟುಗುಣ. ಅದನ್ನು ತೆಗೆಯಲು ನಾವು ಪ್ರಯತ್ನಿಸಲಿಲ್ಲ.

ಆ ಕೆಲಸಗಾರನು ಬೇರೊಂದನ್ನೂ ತೋರಿಸಿದನು. ಪೆಟ್ರೋಲನ್ನು ಒಯ್ಯುವ ಲೋಹದ ನಳಿಗೆಯನ್ನು ಹಿಡಿದಿದ್ದ ಪಟ್ಟಿ ನಡುಕದಿಂದ ಸಡಿಲವಾಗಿ, ನಳಿಗೆ ಒಂದು ಅಂಚಿಗೆ ಉಜ್ಜಿ ಉಜ್ಜಿ ಅರ್ಧಕ್ಕಿಂತ ಹೆಚ್ಚು ಸವೆದಿತ್ತು. ಅದರ ಸ್ವಲ್ಪವೇ ಕೆಳಗೆ ಬಿಸಿಯಾದ ಹೊಗೆಕೊಳವೆ. ಇನ್ನು ಕೆಲವು ತಿಂಗಳು ಕಳೆದಿದ್ದರೆ ಏನಾಗುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ನಡುಕವೆಂದರೆ ಬರಿಯ ಅಸೌಖ್ಯವಲ್ಲ. ಅದು ಲೋಹವನ್ನು ಸವೆಸುತ್ತದೆ, ತಿರುಪನ್ನು ಸಡಿಲಿಸುತ್ತದೆ, ಬೆಸುಗೆಯನ್ನು ಬಿರಿಸುತ್ತದೆ. ‘ಹಳೆಯ ಕಾರಲ್ಲವೆ, ಸ್ವಲ್ಪ ನಡುಗಿದರೆ ನಡುಗಲಿ’ ಎಂದು ಸುಮ್ಮನಿರುವವರು ಇದನ್ನು ನೆನಪಿನಲ್ಲಿಡಬೇಕು. ನಡುಕವಿದ್ದ ಕಾರಿನ ಮೂಲದೋಷವನ್ನು ಸರಿಪಡಿಸಿದ ಮೇಲೆಯೂ, ಅದು ಅಷ್ಟು ದಿನ ಏನೇನನ್ನು ಸವೆಸಿದೆಯೆಂದು ಒಂದು ಸಲ ಪೂರ್ತಿಯಾಗಿ ನೋಡಿಕೊಳ್ಳುವುದು ಅವಶ್ಯ.

ಇಷ್ಟರಿಂದ ಗ್ರಹಿಸಬೇಕಾದ ಕ್ರಮವನ್ನು ಸಂಗ್ರಹವಾಗಿ ಹೇಳಬಹುದು. ಮೊದಲು, ನಡುಕ ಎಂಜಿನ್ನಿನದೋ ರಸ್ತೆಯದೋ ಎಂದು ಗೇರುಗಳ ಮೂಲಕ ನಿರ್ಣಯಿಸುವುದು. ಎರಡನೆಯದು, ಸುತ್ತಿಗೆ ಎಷ್ಟು ನಡುಕವೆಂದು ಎಣಿಸುವುದು. ಮೂರನೆಯದು, ಅದು ಒಂದೇ ವೇಗದಲ್ಲಿ ಕುಣಿಯುವುದೋ ವೇಗದೊಡನೆ ಬೆಳೆಯುವುದೋ ನೋಡುವುದು. ನಾಲ್ಕನೆಯದು, ತಿರುಗುವ ಭಾಗಗಳನ್ನು ಒಂದೊಂದಾಗಿ ಬಿಟ್ಟು ಪರೀಕ್ಷಿಸುವುದು. ಇವೆಲ್ಲಕ್ಕೂ ಮೊದಲು ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾವು ಕೊನೆಯಲ್ಲಿ ಕೇಳಿಸಿಕೊಂಡೆವು: ಇದು ಶುರುವಾದದ್ದು ಯಾವಾಗ, ಅದಕ್ಕೆ ಮುಂಚೆ ಯಾರ ಕೈ ಎಲ್ಲಿ ಬಿದ್ದಿತ್ತು? ವೈದ್ಯನು ನಾಡಿ ಹಿಡಿಯುವುದಕ್ಕೆ ಮುಂಚೆ ಇದನ್ನೇ ಕೇಳುತ್ತಾನೆ. ಯಂತ್ರದ ವೈದ್ಯನೂ ಕೇಳಬೇಕು.

ಮಿತ್ರರು ತೋಟಕ್ಕೆ ನೀರಿನ ವ್ಯವಸ್ಥೆ ಮಾಡಿಸಿದರು. ಕಾರು ಕೊಟ್ಟಿಗೆಯಲ್ಲಿಯೇ ಇದೆ. ಹಬ್ಬದ ದಿನಗಳಲ್ಲಿ ಅದು ತಾಯಿಯವರನ್ನು ಕೂರಿಸಿಕೊಂಡು ಬನವಾಸಿಯ ದೇವಸ್ಥಾನಕ್ಕೆ ಹೋಗಿಬರುತ್ತದೆ. ಹಿಂದೆ ಅವರು ಆ ಕಾರಿನಲ್ಲಿ ಕುಳಿತಾಗ ಪ್ರಸಾದದ ಬಟ್ಟಲನ್ನು ಎರಡು ಕೈಗಳಿಂದಲೂ ಹಿಡಿದುಕೊಳ್ಳುತ್ತಿದ್ದರಂತೆ. ಈಗ ಅದನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿರುತ್ತಾರೆ.